ಅಪ್ಪನಿಗೆ ಇಬ್ಬರು ಮಕ್ಕಳು

ಅಪ್ಪನ ಶವ ಜಗಲಿಯಲ್ಲಿತ್ತು. ಕೊಳ್ಳಿ ಯಾರು ಇಡಬೇಕೆಂಬ ಚರ್ಚೆ ಹಿತ್ತಲಲ್ಲಿ ನಡೆದಿತ್ತು.

ಹೋದ ತಿಂಗಳ ಮಾತಿದು. ನಾನು ಗಡಿಯಾಚೆಯ ಮುಳ್ಳನ್ಕೊಲ್ಲಿಯವನು, ಕಾಳುಮೆಣಸು ಬೆಳೆಯುವ ಮನೆಯವನು ಎಂದು ನಿಮಗೆ ಗೊತ್ತು. (ಇಷ್ಟು ವರ್ಷ ಈ ಅಂಕಣದಲ್ಲಿ ಅದನ್ನೇ ಕೊರೆದಿದ್ದೇನಲ್ಲ!) ಆದರೆ ನನಗೊಬ್ಬ ಅಣ್ಣ ಇದ್ದಾನೆಂದು ಒಮ್ಮೆಯೂ ಬರೆದಿಲ್ಲ. ಮನೆಯಲ್ಲೇ ಯಾರೂ ಆಡದ ಮಾತನ್ನು ಪೇಪರಿನಲ್ಲಿ ಹೇಗೆ ಬರೆಯುವುದು?

ಅವ್ವನಿಗೆ ಬಹಳ ಕಾಲ ಮಕ್ಕಳಾಗಲಿಲ್ಲ. ಅವಳೇ ಒಪ್ಪಿದ ಮೇಲೆ ಅಪ್ಪ ಕೆಂಪಮ್ಮನನ್ನು ಮನೆ ತುಂಬಿಸಿಕೊಂಡರು. ಕೆಂಪಮ್ಮನಿಗೆ ಶಿವಣ್ಣ ಹುಟ್ಟಿದ. ಆಮೇಲೆ, ಎಲ್ಲರೂ ಆಸೆ ಬಿಟ್ಟ ಹೊತ್ತಿನಲ್ಲಿ, ಅವ್ವನಿಗೆ ನಾನು ಹುಟ್ಟಿದೆ. ಅಷ್ಟೇ. ಇಬ್ಬರು ತಾಯಂದಿರಿಗೆ ಒಂದು ಸೂರು ಸಾಲದಾಯಿತು. "ಅವಳಿರ್ಬೇಕು, ಇಲ್ಲ ನಾನಿರ್ಬೇಕು" ಅಂದಳು ಅವ್ವ. ಅಪ್ಪ ತಲೆ ತಗ್ಗಿಸಿಕೊಂಡು ಕೆಂಪಮ್ಮನನ್ನೂ ಮಗುವನ್ನೂ ಕೇಣಿಚಿರಕ್ಕೆ ಬಿಟ್ಟು ಬಂದರು. ಶಿವಣ್ಣ ಅಲ್ಲೇ ಬೆಳೆದ. ಅಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಟ.

"ಕೊಳ್ಳಿ ನೀನೇ ಇಡು," ಅಂದರು ಚಿಕ್ಕಪ್ಪ. "ಅವ್ನಿಗೆ ಹೇಳಿ ಕಳ್ಸೋದು ಬ್ಯಾಡ. ನಿಮ್ಮವ್ವ ತಡ್ಕಳಕಿಲ್ಲ."

ಹಿರಿಮಗ ಅವನಲ್ಲವೇ? ನಾನು ಅವ್ವನನ್ನೇ ಕೇಳಲು ಒಳಗೆ ಹೋದೆ.

ಅವ್ವ ಗೋಡೆಗೊರಗಿ ಕೂತಿದ್ದಳು. ಪಕ್ಕದ ಮನೆಯ ಏಲಿಯಮ್ಮ ಚೇಚಿ (ಚೇಚಿ ಎಂದರೆ ನಮ್ಮಲ್ಲಿ ಅಕ್ಕ) ಅವಳ ಕೈಗೆ ಹಾಲು ಹಾಕದ ಕಟ್ಟನ್ ಕಾಪಿ ಕೊಟ್ಟು ಪಕ್ಕದಲ್ಲೇ ಕೂತಿದ್ದರು. ಚೇಚಿ ಭಾನುವಾರದ ಚರ್ಚ್ ತಪ್ಪಿಸಿದವರಲ್ಲ. ಅವ್ವ ದೀಪ ಹಚ್ಚದೆ ಉಂಡವಳಲ್ಲ. ಒಬ್ಬರ ದೇವರ ಕಥೆ ಇನ್ನೊಬ್ಬರಿಗೆ ಬಾಯಿಪಾಠ.

"ಅವ್ವಾ, ಅಣ್ಣಂಗೆ ಹೇಳ್ಲಾ?"

ಅವ್ವ ಕೈಯಲ್ಲಿದ್ದ ಲೋಟವನ್ನು ತಿರುಗಿಸುತ್ತಾ ಕೂತಳು.

ಚೇಚಿಯೇ ಮೆಲ್ಲಗೆ ಶುರು ಮಾಡಿದರು. "ನಮ್ಮ ಬೈಬಲ್ಲಿನ ಅಬ್ರಹಾಮನ ಮನೇಲೂ ಇದೇ ಅಲ್ವಾ ಅಮ್ಮಾ? ಸಾರಾಗೆ ಮಕ್ಕಳಿಲ್ಲ. ಅವಳೇ ಒಪ್ಪಿ ಕೊಟ್ಟ ದಾಸಿ ಹಾಗರಳಿಗೆ ಇಷ್ಮಾಯೇಲ್ ಹುಟ್ಟಿದ. ಆಮೇಲೆ ಸಾರಾಗೆ ಇಸಾಕ. ಅವರನ್ನ ಕಳ್ಸು ಅಂತ ಸಾರಾ ಹಟ ಹಿಡಿದ್ಳು. ತಾಯಿ ಮಗನ್ನ ಮರುಭೂಮಿಗೆ ಕಳಿಸ್ಬಿಟ್ರು."

"ಗೊತ್ತು. ಆ ಕೂಸಿನ ಅಳು ದೇವ್ರು ಕೇಳ್ದ," ಅಂದಳು ಅವ್ವ.

"ಕೇಳಿದ. ಆದ್ರೆ ಕಥೆ ಅಲ್ಲಿಗೆ ಮುಗೀಲಿಲ್ಲ. ಅಬ್ರಹಾಂ ತೀರಿಕೊಂಡಾಗ ಇಬ್ಬರು ಮಕ್ಕಳೂ ಸೇರಿ ಅಪ್ಪನ್ನ ಮಣ್ಣು ಮಾಡಿದ್ರು."

ಅವ್ವ ತಲೆಯೆತ್ತಿದಳು. "ಅವನನ್ನ ಕರೆದೋರು ಯಾರು?"

"ಅದು ಬರ್ದಿಲ್ಲ. ಸಾರಾ ಅಷ್ಟರಲ್ಲಿ ತೀರಿ ಹೋಗಿದ್ಳು." ಚೇಚಿ ಅವ್ವನ ಕೈ ಹಿಡಿದರು. "ನೀವು ಇದೀರಲ್ಲ?"

ಅವ್ವ ಲೋಟ ಕೆಳಗಿಟ್ಟಳು. "ಫೋನ್ ಮಾಡ್ಕೊಡು," ಅಂದಳು. ನಾನು ಅಂಗಡಿಯ ನಂಬರಿಗೆ ಮಾಡಿ ಕೊಟ್ಟೆ.

"ಶಿವಣ್ಣಾ, ನಾನು ದೊಡ್ಡವ್ವ ಕಣಪ್ಪಾ. ನಿಮ್ಮಪ್ಪ ಹೋದ್ರು. ನೀನು ಬರೋಗಂಟ ಎತ್ತಕಿಲ್ಲ."

ಜೀಪು ಬಂತು. ಶಿವಣ್ಣ ಇಳಿದವನೇ ಅಪ್ಪನ ಕಾಲ ಬಳಿ ಕುಸಿದ. ಜೀಪಿನೊಳಗೆ ಇನ್ನೊಬ್ಬರು ಸೆರಗು ಹೊದ್ದು ಕೂತೇ ಇದ್ದರು. ಕೆಂಪಮ್ಮ.

ಅಂಗಳದ ತುಂಬ ಜನ. ಅವ್ವ ಚೇಚಿಯ ತೋಳು ಹಿಡಿದು ಅಂಗಳ ದಾಟಿದಳು. ಜೀಪಿನ ಬಾಗಿಲನ್ನು ತಾನೇ ತೆಗೆದಳು.

"ನಾ ಇಲ್ಲೇ ಇರ್ತೀನಿ ಅಕ್ಕಾ," ಅಂದರು ಕೆಂಪಮ್ಮ.

"ಕಳಿಸ್ದೋಳೂ ನಾನೇ, ಕರೆಯೋಳೂ ನಾನೇ. ಇಳಿ."

ಇಳಿದರು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಅಪ್ಪನಿಗಾಗಿಯೋ, ಕಳೆದುಹೋದ ವರ್ಷಗಳಿಗಾಗಿಯೋ? ನಾನು ಕೇಳಲಿಲ್ಲ.

ಕೊಳ್ಳಿಯನ್ನು ಅಣ್ಣನ ಕೈಗೆ ಕೊಟ್ಟರು. ಅವನು ನನ್ನ ಕೈಯನ್ನೂ ಎಳೆದು ಜೊತೆಗೆ ಹಿಡಿಸಿದ. "ಇಬ್ರಿಗೂ ಅಪ್ಪ ಕಣೋ," ಅಂದ.

ಈಗ ಭಾನುವಾರ ಬಂದರೆ ಅಣ್ಣ ಬರುತ್ತಾನೆ, ಕೆಂಪಮ್ಮನ ಜೊತೆ. ನಾನು ಮೆಣಸಿನ ಬಳ್ಳಿ ಕಟ್ಟಿದ್ದು ನೋಡಿ ಬೈಯುತ್ತಾನೆ. ಅಣ್ಣನ ಕೈಲಿ ಬೈಸಿಕೊಳ್ಳುವುದು ಇಷ್ಟು ಸುಖವೆಂದು ಯಾರಾದರೂ ಮೊದಲೇ ಹೇಳಬಾರದಿತ್ತೇ? ಚೇಚಿಗೆ ಥ್ಯಾಂಕ್ಸ್ ಹೇಳಹೋದರೆ, "ನಾನೇನು ಮಾಡಿದೆ? ದೈವ ಮಾಡಿದ್ದು" ಅಂದರು. ಅವ್ವನೂ ಅದನ್ನೇ ಹೇಳುತ್ತಾಳೆ, ತನ್ನ ದೇವರ ಹೆಸರಿನಲ್ಲಿ. ಯಾರ ದೇವರು ಮಾಡಿದ್ದೋ! ನಾನಂತೂ ಇಬ್ಬರಿಗೂ ಕೈ ಮುಗಿದಿದ್ದೇನೆ.

ಒಂದು ಫೋನ್ ಮಾಡಿದರೆ ಕೂಡಿಬಿಡುವ ಮನೆಗಳಲ್ಲಿ, ನಾವು ಯಾರ ಸಾವಿಗೆ ಕಾಯುತ್ತಾ ಕೂತಿರುತ್ತೇವೆ?