ಜಡೆಮ್ಮನ ಹಾಜರಿ ಪುಟ

ಬೆಳಗಿನ ಎಂಟೂವರೆ ಗಂಟೆ. ಹನೂರು ಬಸ್ ನಿಲ್ದಾಣದ ಹಿಂದಿನ ಆನ್‌ಲೈನ್ ಅರ್ಜಿ ಕೇಂದ್ರ. ಜಡೆಮ್ಮ ಮೂರು ಕಂಪ್ಯೂಟರುಗಳಲ್ಲೂ ಮೊದಲು ತೆರೆಯುವುದು ತಾವೇ ಬರೆದ ಒಂದು ವೆಬ್ ಪುಟವನ್ನು. ಬ್ರೌಸರಿಗೆ ಅಂಟಿಕೊಂಡು ಕೆಲಸ ಮಾಡುವ ಚಿಕ್ಕ ತಂತ್ರಾಂಶಗಳಿಗೆ ಪ್ಲಗಿನ್ ಎನ್ನುತ್ತಾರೆ. ಪುಟದೊಳಗಿನ ಸ್ಕ್ರಿಪ್ಟ್ ಅಂಥ ನೂರ ನಲವತ್ತು ಪ್ಲಗಿನ್‌ಗಳ ಗುರುತಿನ ಚಿತ್ರವನ್ನು ಒಂದೊಂದಾಗಿ ಕೇಳುತ್ತದೆ. ಚಿತ್ರ ಬಂದರೆ ಆ ಪ್ಲಗಿನ್ ಒಳಗಿದೆ ಎಂದರ್ಥ.

“ಇಸ್ಕೂಲಲ್ಲಿ ಹಾಜರಿ ಕೂಗ್ದಂಗೆ ಸಾ. ಇದ್ದೋನು ಓ ಅಂತಾನೆ. ಬಾಯ್ ಮುಚ್ಕಂಡು ಕುಂತೋನೂ ಇರ್ತಾನೆ. ನಂಗೆ ಅವನ್ದೇ ಭಯ,” ಎಂದು ಜಡೆಮ್ಮ ಕೇಂದ್ರದ ಮಾಲೀಕರಿಗೆ ಹೇಳುತ್ತಾರೆ.

ಮೂವತ್ತೊಂದರ ಜಡೆಮ್ಮ ಮಾದೇಶ್ವರ ಬೆಟ್ಟದ ಸೋಲಿಗರ ಪೋಡಿನವರು, ಅಂದರೆ ಕಾಡಿನ ಹಾಡಿಯವರು. ಮೂರು ವರ್ಷದ ಹಿಂದೆ ಕೊಳ್ಳೇಗಾಲದ ಒಂದು ಕೇಂದ್ರದಲ್ಲಿದ್ದಾಗ ಹುಡುಗಿಯೊಬ್ಬಳ ಪಾಸ್‌ವರ್ಡ್ ಸೋರಿ, ಅವಳ ಕಾಲೇಜು ಸೀಟನ್ನು ಯಾರೋ ರದ್ದು ಮಾಡಿದ್ದರು. ಅರ್ಜಿ ಟೈಪ್ ಮಾಡಿದ್ದು ಜಡೆಮ್ಮ. ಯಾರೂ ಬೈಯಲಿಲ್ಲ, ಕೇಳಲೂ ಇಲ್ಲ. ಮರುದಿನ ಅವರ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು. ಹಾಡು ಇಳಿಸಲೆಂದು ಯಾರೋ ಹಾಕಿದ್ದ ಪ್ಲಗಿನ್ ಒತ್ತಿದ ಅಕ್ಷರಗಳನ್ನೆಲ್ಲ ಹೊರಗೆ ಕಳಿಸುತ್ತಿತ್ತು ಎಂಬುದು ಗೊತ್ತಾಗಲು ಐದು ತಿಂಗಳು ಹಿಡಿಯಿತು. ಆಮೇಲೆ ಮೊಬೈಲಿನಲ್ಲಿ ಪಾಠ ನೋಡಿ ಸ್ಕ್ರಿಪ್ಟ್ ಬರೆಯುವುದನ್ನು ಕಲಿತರು.

ಇಂದು ಎರಡನೇ ಕಂಪ್ಯೂಟರಿನಲ್ಲಿ ಒಂದು ಪ್ಲಗಿನ್ ಓಗೊಟ್ಟು ಅದರ ಸಾಲು ಕೆಂಪಾಗುತ್ತದೆ. ಅಷ್ಟರಲ್ಲಿ ಪಾಲಾರಿನ ಪುಟ್ಟಮಾದಮ್ಮ ಬರುತ್ತಾರೆ. ಮಗಳಿಗೆ ಸಿಕ್ಕ ನರ್ಸಿಂಗ್ ಸೀಟನ್ನು ಹತ್ತು ಗಂಟೆಯೊಳಗೆ ಒಪ್ಪಿಕೊಳ್ಳದಿದ್ದರೆ ಅದು ಬೇರೆಯವರ ಪಾಲು.

“ಇದ್ನ ಯಾರ್ ಆಕಿದ್ದು?” ಜಡೆಮ್ಮ ಕೇಳುತ್ತಾರೆ.

ಮಾಲೀಕ ಚನ್ನಬಸವ ತಲೆ ಕೆರೆದುಕೊಳ್ಳುತ್ತಾರೆ. “ನಾನೇ ಕಣವ್ವ. ಫೋಟೋ ಚಿಕ್ಕದ್ ಮಾಡಕೆ. ಓಸಿ ಸಿಕ್ತು ಅಂತ...”

“ಓಸಿ ಕೊಟ್ಟೋನು ನಮ್ತಾವ ಏನ್ ತಕಂಡ ಅಂತ ನೋಡುದ್ರಾ?”

“ನನ್ನೂ ಕಳ್ಳನ್ ತರ ನೋಡ್ತೀಯಲ್ಲವ್ವ!”

“ಎಲ್ರೂನೂವೆ ಅಂಗೇ ನೋಡೋದು ಸಾ.”

ಆ ಕಂಪ್ಯೂಟರನ್ನು ಬಂದ್ ಮಾಡಿ ಮೂರನೆಯದರ ಮುಂದೆ ಕೂರುತ್ತಾರೆ. ಅಲ್ಲಿ ಯಾವ ಪ್ಲಗಿನ್ನೂ ಉತ್ತರಿಸುವುದಿಲ್ಲ. ಆ ಮೌನ ಅವರಿಗೆ ಸಾಲದು. ಬ್ರೌಸರಿನ ಪಟ್ಟಿ ತೆರೆದು ಕಣ್ಣಾರೆ ನೋಡುತ್ತಾರೆ. ಖಾಲಿ. ಮತ್ತೊಮ್ಮೆ ನೋಡುತ್ತಾರೆ.

“ಬಸ್ಸಲ್ಲಿ ವಾಂತಿ ಮಾಡ್ಕಂಡು ಬಂದಿವ್ನಿ, ಬಿರ್ನೆ ಒತ್ತವ್ವ!” ಪುಟ್ಟಮಾದಮ್ಮ ಅವಸರಿಸುತ್ತಾರೆ.

“ಇರಕ್ಕ.”

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಸೀಟು ಖಚಿತವಾಗುತ್ತದೆ. ಪುಟ್ಟಮಾದಮ್ಮ ರಸೀದಿಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಾರೆ. “ಇನ್ನೇನೂ ಆಗಕಿಲ್ವಲ್ಲ?”

“ನಂಗೆ ಏನೂ ಸಿಕ್ಕಿಲ್ಲ, ಅಷ್ಟೇ ಏಳ್ತೀನಿ. ಮನೆಗೋಗಿ ಮಗಳ ಕೈಲೇ ಪಾಸ್‌ವರ್ಡ್ ಬದಲಾಯ್ಸಕ್ಕ,” ಎನ್ನುತ್ತಾರೆ ಜಡೆಮ್ಮ. “ಅದ್ನ ನಂಗೂ ಏಳ್ಬ್ಯಾಡಿ.”