ಪುಟ್ಟೇಗೌಡರ ಹತ್ತನೆಯ ಬೆರಳು

ಪುಟ್ಟೇಗೌಡರು ಎಡಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡೇ ಓಡಾಡುತ್ತಿದ್ದರು. ಮಳವಳ್ಳಿಯಲ್ಲಿ ನಾನು ಮೇಷ್ಟ್ರಾಗಿ ಸೇರಿದಾಗ ಬಾಡಿಗೆಗಿದ್ದದ್ದು ಅವರ ಪಕ್ಕದ ಮನೆಯಲ್ಲಿ. ಎತ್ತಿನ ಹಗ್ಗ ಹಿಡಿದಾಗಲೂ ಆ ಬೆರಳು ಹೊರಗೆ ಬಂದದ್ದನ್ನು ಕಂಡ ನೆನಪಿಲ್ಲ. ಆದರೆ ಹೆಬ್ಬೆರಳಿಲ್ಲದೆ ಹಗ್ಗ ಹಿಡಿಯುವುದಾದರೂ ಹೇಗೆ? ಮುಂದೆ ನಡೆದದ್ದನ್ನು ನೆನೆದು ನೆನಪಿನಲ್ಲಿ ನಾನೇ ಅದನ್ನು ಮಡಚಿಟ್ಟಿರಬಹುದು. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ ಮೇಲೆ ನನ್ನ ನೆನಪೇ ನನಗೆ ಅನುಮಾನ.

ಅವರಪ್ಪ ಯಾವುದೋ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿ ಕೆರೆ ಕೆಳಗಿನ ಗದ್ದೆ ಕಳೆದುಕೊಂಡಿದ್ದರಂತೆ. ಗುತ್ತಿಗೆಯ ಕಾಗದ ಎಂದುಕೊಂಡು ಒತ್ತಿದ್ದು ಕ್ರಯಪತ್ರವಾಗಿತ್ತು. ಅಂದಿನಿಂದ ಮಗನಿಗೆ ಎಲ್ಲವನ್ನೂ ಕೇಳುವ ಚಾಳಿ: "ಯಾಕೆ? ಯಾತುಕ್ಕೆ? ಆಮ್ಯಾಕೆ?" ಪ್ಲೇಗಿನ ಸೂಜಿ ಚುಚ್ಚಲು ಬಂದವನನ್ನು ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು ಕೇಳಿದರು. "ಒಳಕ್ಕೋದ ಔಸ್ದಿ ಈಚೆಗೆ ಬತ್ತದಾ, ಇಲ್ಲೇ ಇದ್ಬುಡ್ತದಾ?"

"ಅವ್ರೇನು ಎಣ್ಣು ಕೇಳಕ್ಕೆ ಬಂದವ್ರಾ, ಅಸ್ಟೊಂದು ಇಚಾರುಸ್ತೀಯಲ್ಲ!" ಎಂದು ಅವರ ಹೆಂಡತಿ ಒಳಗಿನಿಂದ ಕೂಗಿದರು. ಆದರೆ ನಮ್ಮ ಬೀದಿಯಲ್ಲಿ ಮೊದಲು ತೋಳು ಚಾಚಿದವರು ಗೌಡರೇ.

ಉಳಿದಿದ್ದ ಗದ್ದೆಯ ನೀರಿನ ಸರದಿಯ ಜಗಳದಲ್ಲಿ ಗೌಡರು ದಾಯಾದಿಯ ತಲೆ ಒಡೆದರು. "ಒಡ್ದೆ ಸ್ವಾಮಿ" ಎಂದು ಕೋರ್ಟಿನಲ್ಲಿ ತಾವೇ ಒಪ್ಪಿಕೊಂಡರು. ಮೂರು ತಿಂಗಳ ಶಿಕ್ಷೆಯಾಯಿತು. ಮೈಸೂರಿನ ಜೈಲಿಗೆ ಸಾಗಿಸುವ ಮುಂಚೆ ಹತ್ತು ಬೆರಳಿನ ಗುರುತು ತೆಗೆಯಬೇಕು. ಗೌಡರು ಮುಷ್ಟಿ ಬಿಗಿದರು. ಪಕ್ಕದ ಮನೆಯವನೆಂದು ಠಾಣೆಯ ದಫೇದಾರರು ನನಗೆ ಹೇಳಿಕಳಿಸಿದರು.

ಶಿಕ್ಷೆಯಾದವನ ಒಪ್ಪಿಗೆ ಕೇಳಬೇಕೆಂದು ಯಾವ ಕಾನೂನೂ ಇರಲಿಲ್ಲ, ಹಿಡಿದು ಒತ್ತಿಸಬಹುದಿತ್ತು. ಒತ್ತಿಸಿಯೂ ಆಗಿತ್ತು. ಆ ಹಾಳೆಯಲ್ಲಿ ಗೆರೆಗಳೆಲ್ಲ ಕಲಸಿಹೋಗಿ ಬರೀ ಮಸಿ.

"ಬೆಟ್ಟು ಸಡ್ಲ ಬುಟ್ರೆ ತಾನೇ ಕಾಗ್ದದ್ ಮ್ಯಾಲೆ ಉಳ್ಳುಸೋದು? ನೀವಾರ ಹೇಳಿ ಮೇಷ್ಟ್ರೇ, ಬೆಳಿಗ್ಗೆಯಿಂದ ಜೀವ ತಿಂತಾವ್ನೆ," ಎಂದರು ದಫೇದಾರರು.

"ನಿಮ್ಮ ಗದ್ದೆಗೂ ಇದಕ್ಕೂ ಸಂಬಂಧವಿಲ್ಲ ಗೌಡರೇ," ಎಂದೆ. "ಮುಂದೆ ಎಲ್ಲಾದರೂ ಕಳ್ಳತನವಾಗಿ ಬೆರಳಿನ ಗುರುತು ಸಿಕ್ಕರೆ ಇದರ ಜೊತೆ ಹೋಲಿಸಿ ನೋಡುತ್ತಾರೆ."

"ನಾನ್ ಒಡ್ದಿದ್ದು ತಲೆ. ಕಳ್ತನ ಯಾವಾಗ್ ಮಾಡ್ದೆ?"

"ಮಾಡಿದ್ದೀರಿ ಅಂತಲ್ಲ. ಮಾಡಿದರೆ ಅಂತ."

"ಸಿಕ್ಸೆ ಮೂರ್ ತಿಂಗ್ಳು. ಬೆಟ್ಟುನ್ನ ಎಸ್ಟ್ ತಿಂಗ್ಳು ಮಡಿಕ್ಕತಾರೆ?"

ದಫೇದಾರರ ಮುಖ ನೋಡಿದೆ. ಅವರು ಮಸಿ ಸವರಿದ ಗಾಜನ್ನು ನೋಡುತ್ತಿದ್ದರು. "ಬಿಡುಗಡೆಯಾದ ಮೇಲೂ ಇರುತ್ತದೆ," ಎಂದೆ.

"ಸತ್ತ್ ಮ್ಯಾಕೂವೆ?"

"ಇರಬಹುದು."

ಗೌಡರು ನಕ್ಕುಬಿಟ್ಟರು. "ಇದ ನೆಟ್ಗೆ ಹೇಳಕ್ಕೆ ಇಸ್ಟೊತ್ತು ಬೇಕಾಯ್ತಾ ದಫೇದಾರಪ್ಪಾ?" ಎಂದು ಬಲಗೈ ಚಾಚಿದರು. ಕೈಯನ್ನು ಎಷ್ಟು ಸಡಿಲ ಬಿಟ್ಟರೆಂದರೆ, ಅದು ನಿದ್ದೆ ಹೋದ ಮಗುವಿನ ಕೈಯಂತಿತ್ತು. ಆಮೇಲೆ ಎಡಗೈಯ ನಾಲ್ಕು ಬೆರಳು. ಅಲ್ಲಿಗೆ ಕೈ ಹಿಂದೆ ಹೋಯಿತು.

"ಒಂಬತ್ತು ತಕ್ಕಳಿ. ಇದು ನಮ್ಮಪ್ಪನ್ ಬೆಟ್ಟು. ಒಂದ್ಸಲ ಮೋಸೋಗದೆ."

"ಹಾಳೇಲಿ ಒಂದು ಮನೆ ಖಾಲಿ ಬುಟ್ಟು ಕಳ್ಸುದ್ರೆ ನನ್ ಕೆಲ್ಸ ಓಯ್ತದೆ ಕಣಯ್ಯಾ!" ಎಂದು ದಫೇದಾರರು ಸಿಡುಕಿ, ನನ್ನ ಕಡೆ ತಿರುಗಿದರು. "ನೀವು ವಸಿ ಆಚೆ ಇರಿ ಮೇಷ್ಟ್ರೇ."

ಹೊರಗೆ ಹೊಂಗೆಮರದ ಕೆಳಗೆ ಕಿವಿಗೊಟ್ಟು ನಿಂತೆ. ಮಾತು ಕೇಳಿಸಿತು, ಮತ್ತೆ ನಿಂತಿತು. ಕೊನೆಗೆ ದಫೇದಾರರು ಸೀಮೆಎಣ್ಣೆಯ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. ಅವರ ಮುಖದಿಂದ ಏನೂ ತಿಳಿಯಲಿಲ್ಲ.

ನನಗೆ ಮದ್ದೂರಿಗೆ ವರ್ಗವಾದ ಮೇಲೆ ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಗೌಡರು ಒಮ್ಮೆ ಸಿಕ್ಕಿದರು. ತಲೆ ಪೂರ್ತಿ ನೆರೆತಿತ್ತು. ತಡೆಯಲಾರದೆ ಕೇಳಿದೆ: "ಅವತ್ತು ಹತ್ತನೆಯದನ್ನು ಕೊಟ್ಟಿರಾ?"

"ಯಾಕೆ? ಯಾತುಕ್ಕೆ? ತಿಳ್ಕಂಡು ಆಮ್ಯಾಕೆ ಏನ್ ಮಾಡೀರಿ?"

"ಸುಮ್ಮನೆ," ಎಂದೆ.

"ಸುಮ್ಕೆ ಕೊಡೋ ಸಾಮಾನಲ್ಲ ಬುಡಿ ಮೇಷ್ಟ್ರೇ," ಎಂದು ಮಳವಳ್ಳಿಯ ಬಸ್ಸು ಹತ್ತಿದರು. ಅದೇ ಕೊನೆಯ ಭೇಟಿ. ಕಿಟಕಿಯಿಂದ ಬೀಸಿದ್ದು ಬಲಗೈ, ಇದೊಂದರಲ್ಲಿ ಅನುಮಾನವಿಲ್ಲ. ಎಡಗೈಗಾಗಿ ಕತ್ತು ನೀಡಿ ನೋಡಿದೆ. ಅದು ಟವೆಲ್ಲಿನ ಕೆಳಗಿತ್ತು.