ಬಿಟ್ಟಾಳೋ, ಬಿಡಿಸ್ಯಾಳೋ

ಸಿಂದಗಿ ಠಾಣೆಯಲ್ಲಿ ನಾನು ಪೇದೆಯಾಗಿದ್ದಾಗ ಒಂದು ಮಧ್ಯಾಹ್ನ ಯಾರೋ ಮಾಸ್ತರರ ಫೋನು ಬಂತು. "ಮಗ್ಗಲ ಮನಿ ಕೂಸು ಮುಂಜಾನಿಂದ ಒಂದ ಸವನ ಅಳಾಕತ್ತೈತ್ರಿ. ಬಾಗಲಾ ಹಾಕೈತಿ. ಅವ್ವ ಬಿಟ್ಟ ಹೋಗ್ಯಾಳ ಕಾಣ್ತೈತಿ."

ಎಂಥ ತಾಯಿ ಇವಳು ಎಂದು ಬೈಕೊಳ್ಳುತ್ತಲೇ ಸೈಕಲ್ ತುಳಿದೆ. ಆ ಹಾಳು ಚೈನು ನಡುದಾರಿಯಲ್ಲೇ ಕಳಚಬೇಕೆ?

ನಾನು ಬಾಗಿಲು ಬಡಿದಷ್ಟೂ ಒಳಗಿನ ಅಳು ಜೋರಾಯಿತು. ಇನ್ನೇನು ಒದೆಯಬೇಕು ಅನ್ನುವಷ್ಟರಲ್ಲಿ ಒಬ್ಬ ಮುದುಕಿ ಚಿಲಕ ತೆಗೆದಳು. ಅವಳ ಕಂಕುಳಲ್ಲಿದ್ದ ಎರಡು ವರ್ಷದ ಹುಡುಗ ನನ್ನ ಟೋಪಿ ನೋಡಿದ್ದೇ ಗಪ್ಪಾದ.

"ಇದರ ಅವ್ವ ಎಲ್ಲಿ?"

"ಹಿತ್ತಲದಾಗ, ಕಟಗಿ ಖೋಲ್ಯಾಗ ಅದಾಳ್ರಿ."

"ಕೂಸು ಬಿಟ್ಟ ಅಲ್ಲೇನ ಮಾಡಾಕತ್ತಾಳ?"

"ಬಿಟ್ಟಿಲ್ಲೋ ಯಪ್ಪಾ, ಬಿಡಸಾಕತ್ತೇವಿ. ಮೊಲಿ ಬಿಡಸಾಕತ್ತೇವಿ! ಬೇವಿನ ಎಲಿ ಅರದ ಹಚ್ಚಿದ್ರೂ ಕೇಳವಲ್ದು. ಅವ್ವನ ಮಾರಿ ಕಂಡ್ರ ಹಟಾ ಹಿಡಿತೈತಿ, ಅದಕ್ಕ ಆಕೀನ್ನ ಬಚ್ಚಿಟ್ಟೇವಿ."

ಕೈಯಲ್ಲಿದ್ದ ಲಾಠಿ ಎಲ್ಲಿಡಬೇಕೋ ತಿಳಿಯಲಿಲ್ಲ. ಆದರೂ ಪೊಲೀಸ್ ಬುದ್ಧಿ, ಕಣ್ಣಾರೆ ನೋಡದೆ ಬಿಡದು. ಹಿತ್ತಲಿಗೆ ಹೋದೆ. ಕಟ್ಟಿಗೆ ರಾಶಿಯ ಪಕ್ಕ ಆ ತಾಯಿ, ಇನ್ನೂ ಹುಡುಗಿಯೇ, ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು. ಎದೆಯ ಮೇಲಿನ ಸೆರಗು ತೊಯ್ದಿತ್ತು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ.

"ಸುಮ್ಮನಾತೇನ್ರಿ?" ಎಂದಳು.

"ಆತವ್ವ."

"ಇಷ್ಟ ಲಗೂನ ನನ್ನ ಮರತಬಿಡ್ತೇನ್ರಿ?" ಎಂದವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಠಾಣೆಗೆ ಮರಳಿದಾಗ ಸಾಹೇಬರು ಕೇಳಿದರು, "ಅಳೂದು ನಿಂತಿತೇನಪಾ?"

"ಕೂಸಿಂದು ನಿಂತೈತ್ರಿ," ಅಂದೆ.